ಬೀಗಿತ್ತಿಗೊಂದು ಹಾಡು, ಕಡಲ ದಂಡೆಯಲ್ಲಿ

ಗುಡಾರ ಹಾಕುವುದು ಹೇಗೆಂದು ಅಳಿಯ ತೋರಿಸಿಕೊಡುತ್ತಿದ್ದಾಗ ನಾನು ಗುಡಾರವನ್ನು ನೋಡಲಿಲ್ಲ, ಬೀಗಿತ್ತಿಯನ್ನು ನೋಡುತ್ತಿದ್ದೆ. ಶ್ರೀಲಂಕಾದ ಆ ಸುಡುಬಿಸಿಲಿನಲ್ಲಿ, ಅರ್ಧ ಬೆತ್ತಲೆಯಾಗಿ ಓಡಾಡುತ್ತಿದ್ದ ಬೆಳ್ಳಗಿನ ಹುಡುಗ ಹುಡುಗಿಯರ ನಡುವೆ, ಮಾಲೂರಿನ ನಮ್ಮ ಬೀಗಿತ್ತಿ ಕಡುನೇರಳೆ ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಮಡಿಸಿದ ಜಮಖಾನ ಹಿಡಿದು ನಿಂತಿದ್ದರು. ಸಂಗೀತೋತ್ಸವ ಎಂದ ಕೂಡಲೇ ಅವರ ಕಣ್ಣ ಮುಂದೆ ಬಂದದ್ದು ರಾಮನವಮಿಯ ಪೆಂಡಾಲು. ನಿಜ ಹೇಳಬೇಕೆಂದರೆ ನನ್ನ ಕಣ್ಣ ಮುಂದೆ ಬಂದದ್ದೂ ಅದೇ. ನನ್ನ ಚೀಲದಲ್ಲೂ ಒಂದು ಜಮಖಾನವಿತ್ತು. ಆದರೆ ನಾನು ಅದನ್ನು ಹೊರಗೆ ತೆಗೆಯಲಿಲ್ಲ.

"ಕಛೇರಿ ಯಾರ್ದಪ್ಪಾ ಮೊದಲು?" ಎಂದು ಅವರು ಮಗನನ್ನು ಕೇಳಿದರು.

"ಕಛೇರಿ ಇಲ್ಲಮ್ಮಾ. ಡಿಜೆ."

"ಅವ್ರು ಯಾವೂರ್ನೋರು?"

ಅಳಿಯ ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಭಾನುವಾರಗಳಲ್ಲಿ ಜೊತೆಯವರೊಂದಿಗೆ ಡ್ರಮ್ಸ್ ಬಾರಿಸುತ್ತಾನೆ. ಅವರ ತಂಡಕ್ಕೆ ಈ ಉತ್ಸವದ ಚಿಕ್ಕ ವೇದಿಕೆಯಲ್ಲಿ ಅವಕಾಶ ಸಿಕ್ಕಿತ್ತು. ಮನೆಯವರಿಗೆಂದು ಪಾಸುಗಳೂ ಬಂದಿದ್ದವು. "ಇಬ್ಬರು ಅಮ್ಮಂದಿರೂ ಬನ್ನಿ, ಒಂದೇ ಗುಡಾರದಲ್ಲಿ ಮಲಗಿದ್ರೆ ಸಲಿಗೆ ಬೆಳೆಯುತ್ತೆ" ಎಂದಳು ಮಗಳು. ಅವಳಿಗೆ ನನ್ನ ಮನಸ್ಸಿನಲ್ಲಿದ್ದದ್ದು ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನನ್ನು ಕೋಲಾರದ ಬಸ್‌ಸ್ಟ್ಯಾಂಡ್ ದಾಟಲೂ ಬಿಡುತ್ತಿರಲಿಲ್ಲ.

ಅದನ್ನು ಹೇಳಿಬಿಡುತ್ತೇನೆ. ಮಗಳ ಮದುವೆ ಶ್ರೀನಿವಾಸಪುರದ ಛತ್ರದಲ್ಲಿ, ಮಾವಿನ ಕಾಲದಲ್ಲಿ ನಡೆಯಿತು. ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ಹಾಡು ಎಂದು ಒಂದುಂಟು. ಎರಡು ಕಡೆಯ ಹೆಂಗಸರೂ ಎದುರುಬದುರು ಕೂತು ಒಬ್ಬರನ್ನೊಬ್ಬರು ಹಾಡಿನಲ್ಲಿ ಹಂಗಿಸಬೇಕು. ಮೂಗು ಸೊಟ್ಟ, ಸಾರು ನೀರು, ಬೀಗರ ಹೊಟ್ಟೆ ಮಡಕೆ, ಏನು ಬೇಕಾದರೂ ಹಾಡಬಹುದು. ಕೇಳಿಸಿಕೊಂಡವರು ಸಿಟ್ಟಾಗುವಂತಿಲ್ಲ. ಉತ್ತರ ಕೊಡಬೇಕೆಂದರೆ ಹಾಡಿನಲ್ಲೇ, ಹತ್ತು ಜನರ ಎದುರಿಗೇ ಕೊಡಬೇಕು. ಉತ್ತರ ಬರದಿದ್ದರೆ ಆ ಹಾಡು ಹಾಗೆಯೇ ಆ ಮನೆಯ ಮೇಲೆ ಕೂತುಬಿಡುತ್ತದೆ.

ನನ್ನ ಅಮ್ಮ ಮುಳಬಾಗಿಲಿನಲ್ಲಿ ಮದುವೆ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದಳು. ಅಪ್ಪ ಬೇಗ ತೀರಿಹೋದರು. ಅವಳ ಸೌಟಿನಿಂದಲೇ ನಾನು ಓದಿದ್ದು, ಉಂಡದ್ದು. ಮೊಮ್ಮಗಳ ಮದುವೆಗೆ ಅವಳು ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಗ ಬೀಗಿತ್ತಿ ಗಂಟಲು ಸರಿಮಾಡಿಕೊಂಡು ಎತ್ತಿದರು:

ಮುಳಬಾಗಿಲ ಬೀಗಿತ್ತಿಗೆ ತಾಯಿ ಕೊಟ್ಟ ಬಳುವಳಿ ಏನು?
ಊರ ಮದುವೆಯ ಸೌಟಮ್ಮ, ಊರ ಮದುವೆಯ ಸೌಟು!

ಛತ್ರವೆಲ್ಲ ನಕ್ಕಿತು. ನಮ್ಮ ಕಡೆ ಹಾಡು ಬಲ್ಲವಳು ಅಮ್ಮ ಒಬ್ಬಳೇ. ಎಷ್ಟು ಮದುವೆಗಳ ಬೀಗರ ಹಾಡುಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿ ಕಲಿತವಳು! ಎಲ್ಲರೂ ಅವಳ ಮುಖ ನೋಡಿದರು. ಅವಳೂ ನಗುತ್ತಿದ್ದಳು, ಕಟ್ಟಳೆ ಹಾಗಿದೆಯಲ್ಲ. ಆದರೆ ಬಾಯಿ ತೆರೆಯಲಿಲ್ಲ. ಊಟಕ್ಕೆ ಕೂತಾಗ ಎಲೆಯ ಮೇಲಿನ ಒಬ್ಬಟ್ಟನ್ನು ಮುಟ್ಟಲಿಲ್ಲ. ಕೈತೊಳೆಯುವಲ್ಲಿ, "ಹೋಗಿ ನಾಲ್ಕು ಮಾತು ಕೇಳ್ಬಿಡ್ತೀನಿ" ಎಂದೆ.

"ಬಾಯ್ಮುಚ್ಚೇ" ಎಂದಳು ಅಮ್ಮ. "ಜಗಳ ಆಡಿದ್ರೆ ನಾವೇ ಸೋತಂಗೆ ಕಣೇ. ಹಾಡ್ಬೇಕು. ನಿಂಗೆ ಹಾಡೋಕೆ ಬಂದಾಗ ಹಾಡು."

ಆಮೇಲೆ ಬಂದ ಶುಭಕಾರ್ಯಗಳೆಲ್ಲ ಕೊರೊನಾ ಕಾಲದಲ್ಲಿ, ಮುಚ್ಚಿದ ಬಾಗಿಲ ಹಿಂದೆ ನಡೆದವು. ಸಭೆಯಿಲ್ಲದ ಮೇಲೆ ಬೀಗರ ಹಾಡೆಲ್ಲಿ? ಅಷ್ಟರಲ್ಲಿ ಅಮ್ಮನೂ ಹೋದಳು. ಉತ್ತರ ನನ್ನ ಹೊಟ್ಟೆಯೊಳಗೇ ಉಳಿಯಿತು. ಹಬ್ಬಕ್ಕೆ ಬೀಗಿತ್ತಿ ಬಂದರೆ ಕಾಫಿ ಕೊಡುತ್ತಿದ್ದೆ, ಹೋಗುವಾಗ ಅರಿಶಿನ ಕುಂಕುಮ ಕೊಡುತ್ತಿದ್ದೆ. ಬಾಗಿಲು ಹಾಕಿಕೊಂಡು ಪಾತ್ರೆ ತಿಕ್ಕುವಾಗ ಹಾಡು ಕಟ್ಟುತ್ತಿದ್ದೆ. ಯಾವುದೂ ಕೂಡಿಬರುತ್ತಿರಲಿಲ್ಲ. ನಮ್ಮ ಮನೆಗೆ ಬರುವಾಗ ಅವರು ತಲೆ ಬಾಚಿ, ಮಾತು ತೂಗಿ ಬರುತ್ತಿದ್ದರು. ಹಂಗಿಸಲು ಏನೂ ಸಿಗುತ್ತಿರಲಿಲ್ಲ.

ಗುಡಾರದಲ್ಲಿ ಸಿಕ್ಕಿತು. ಒಂದೇ ಗುಡಾರದಲ್ಲಿ ಮಲಗಿ ಎದ್ದರೆ ಮನುಷ್ಯರಿಗೆ ಏನು ತಾನೆ ಮುಚ್ಚಿಟ್ಟುಕೊಳ್ಳಲು ಸಾಧ್ಯ?

ಮೊದಲು ಸಿಕ್ಕಿದ್ದು ಗೊರಕೆ. ವೇದಿಕೆಯ ಸದ್ದು ನಿಂತ ಮೇಲೂ ನೆಲ ಅದುರುತ್ತಿದೆಯಲ್ಲ ಎಂದು ನೋಡಿದರೆ ಅದು ಬೀಗಿತ್ತಿ. ಬೆಳಗಾದಾಗ ಗುಡಾರದ ಜಿಪ್ಪು ಸಿಕ್ಕಿಹಾಕಿಕೊಂಡು, ಅವರು ಹಿಮ್ಮುಖವಾಗಿ ತೆವಳುತ್ತ ಹೊರಗೆ ಹೋದರು. ಆಮೇಲೆ ಕಡಲಂಚಿನಲ್ಲಿ ಉಗುರಿನಷ್ಟು ಏಡಿಮರಿಯೊಂದು ಅವರ ಕಾಲ ಬಳಿ ಬಂತು. "ಅಮ್ಮೋ! ಏಮಿದಿ!" ಎಂದು ತೆಲುಗಿನಲ್ಲಿ ಕಿರುಚಿ, ನೆರಿಗೆಯನ್ನು ಮೊಣಕಾಲಿನ ತನಕ ಎತ್ತಿ ಓಡಿದರು. ನಾನು ಹಿಂದೆಯೇ ಹೋಗಿ, "ಬನ್ನಿ ಬೀಗರೇ, ಕೈ ಹಿಡ್ಕೊಳ್ಳಿ" ಎಂದೆ. ಅವರ ಕೈ ಹಿಡಿದುಕೊಂಡೇ ಮನಸ್ಸಿನಲ್ಲಿ ಪ್ರಾಸ ಹುಡುಕಿದೆ.

ಅಲ್ಲಿನ ಊಟ ಇಬ್ಬರಿಗೂ ಒಗ್ಗಲಿಲ್ಲ. ಏನು ಕೇಳಿದರೂ ಅದರಲ್ಲಿ ಮೀನು. ನಾನು ದೊಡ್ಡ ಚೀಲದೊಳಗೆ ಹುರಿಹಿಟ್ಟು, ಅವಲಕ್ಕಿ, ಮತ್ತು ಕೋಲಾರದ ಟೊಮೆಟೊ ಗೊಜ್ಜಿನ ಒಂದು ದೊಡ್ಡ ಡಬ್ಬಿ ತಂದಿದ್ದೆ. ಎಣ್ಣೆ ಮೇಲೆ ತೇಲುವ ತನಕ ಕಾಯಿಸಿ, ಹುರಿದ ಮೆಂತ್ಯದ ಪುಡಿ ಹಾಕಿದ ಗೊಜ್ಜು ಅದು, ಎಷ್ಟು ದಿನವಾದರೂ ಕೆಡುವುದಿಲ್ಲ. ಬೀಗಿತ್ತಿ ಮೊದಲು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. ಆಮೇಲೆ ಅವಲಕ್ಕಿಗೆ ಕಲಸಿದರು. ಆಮೇಲೆ ಬ್ರೆಡ್ಡಿಗೆ ಸವರಿದರು. ಭಾನುವಾರ ಬೆಳಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಡಬ್ಬಿಯನ್ನು ವಾಲಿಸಿ, ತಳಕ್ಕೆ ಬೆರಳು ಹಾಕಿ ನೆಕ್ಕುತ್ತಿದ್ದರು.

"ಯಾರು ಹೇಳ್ಕೊಟ್ಟಿದ್ದು ಬೀಗರೇ ಇದ್ನ?"

"ನಮ್ಮಮ್ಮ."

"ಒಳ್ಳೆ ಕೈ ಬಿಡಿ ಅವರ್ದು."

ಅಷ್ಟೇ. ಛತ್ರದಲ್ಲಿ ಹಾಡಿದ್ದು ಅವರಿಗೆ ನೆನಪೂ ಇರಲಿಲ್ಲ. ಮುಖ ನೋಡಿದೆ, ನಿಜಕ್ಕೂ ಇರಲಿಲ್ಲ. ನನ್ನ ಅಮ್ಮ ಕೊನೆಯ ತನಕ ಮರೆಯದ ಮಾತನ್ನು ಇವರು ಕೈತೊಳೆದ ನೀರಿನ ಜೊತೆ ಚೆಲ್ಲಿಬಿಟ್ಟಿದ್ದರು. ಅಲ್ಲಿಯವರೆಗೆ ನನ್ನ ಹಾಡಿಗೆ ಕೊನೆಯ ನುಡಿ ಇರಲಿಲ್ಲ. ಆ ಖಾಲಿ ಡಬ್ಬಿ ತೊಳೆಯುವಾಗ ಅದೂ ಸಿಕ್ಕಿತು.

ಭಾನುವಾರ ಮಧ್ಯಾಹ್ನ ತೆಂಗಿನ ಗರಿಯ ಚಪ್ಪರದ ಕೆಳಗೆ ಒಂದು ವೇದಿಕೆಯಲ್ಲಿ ಯಾರು ಬೇಕಾದರೂ ಹಾಡಬಹುದೆಂದು ಬಿಟ್ಟಿದ್ದರು. ಮರಳಿನ ಮೇಲೆ ಜನ ಕಿಕ್ಕಿರಿದು ಕೂತಿದ್ದರು. ಬೀಗಿತ್ತಿ ಜಮಖಾನ ಹಾಸಿ ಮುಂದೆಯೇ ಕೂತಿದ್ದರು, ಪಕ್ಕದಲ್ಲಿ ನನ್ನ ಮಗಳು. ನಾನು ಅಳಿಯನ ಬಳಿ ಹೋದೆ.

"ನಾನೊಂದು ಹಾಡ್ಲಾ? ತಾಳ ಹಾಕ್ತೀರಾ?"

"ಅತ್ತೇ! ಸೂಪರ್! ದೇವರ್ನಾಮನಾ?"

"ನಮ್ಮೂರ ಕಡೇದು. ನೀವು ಸುಮ್ನೆ ತಾಳ ಹಾಕಿ."

ಮೈಕು ಹಿಡಿದೆ. ಕೂತವರಿಗೆಲ್ಲ ಸನ್ನೆ ಮಾಡಿ, ನಾನು ಕೈಯೆತ್ತಿದಾಗ ಒಂದು ಪದ ಕೂಗಬೇಕೆಂದು ತೋರಿಸಿಕೊಟ್ಟೆ. "ಬೀಗಿತ್ತಿ!" ಎಂದೆ. "ಬೀಗಿತ್ತಿ!" ಎಂದು ಕಡಲ ದಂಡೆಯೆಲ್ಲ ಕೂಗಿತು. ಬೀಗಿತ್ತಿ ಖುಷಿಯಿಂದ ಸೆರಗು ಹೊದ್ದುಕೊಂಡು ನೆಟ್ಟಗೆ ಕೂತರು.

ರೇಷ್ಮೆ ಉಟ್ಟು ಬಂದಳಮ್ಮ ಮಾಲೂರ ಬೀಗಿತ್ತಿ,
ಏಡಿಮರಿಯ ಕಂಡು ಓಡಿದಳು ನೆರಿಗೆ ಮೇಲಕೆತ್ತಿ!

"ಬೀಗಿತ್ತಿ!" ಎಂದರು ಜನ. ಅಳಿಯನ ಕೈ ಒಂದು ಗಳಿಗೆ ತಡವರಿಸಿತು. ತಿರುಗಿ ನೋಡಿದೆ. ಅವನ ಮುಖದಲ್ಲಿ ಎಲ್ಲ ಅರ್ಥವಾದ ಕಳೆ ಇತ್ತು. ಆದರೆ ಅಷ್ಟು ಜನ ಚಪ್ಪಾಳೆ ತಟ್ಟುತ್ತಿರುವಾಗ ತಾಳ ನಿಲ್ಲಿಸುವುದು ಹೇಗೆ? ಅಮ್ಮನನ್ನು ಹಂಗಿಸುವ ಹಾಡಿಗೆ ಮಗನೇ ಬಾರಿಸಿದ.

ಗುಡಾರದೊಳಗೆ ಗೊರಕೆಯ ಹೊಡೆದರೆ ಕಡಲಿಗೆ ನಾಚಿಕೆಯಮ್ಮ,
ಅಲೆಯೋ ಇದು ಬೀಗಿತ್ತಿಯೋ ಎಂದು ಮೀನಿಗೆ ಗಾಬರಿಯಮ್ಮ!

ಬೀಗಿತ್ತಿಯೂ ನಗುತ್ತಿದ್ದರು. ನಗಲೇಬೇಕಲ್ಲ. ನಾನು ವೇದಿಕೆಯಿಂದ ಕೆಳಗಿಳಿದು ಅವರ ಎದುರಿಗೇ ನಿಂತೆ. ಕೊನೆಯ ನುಡಿಯನ್ನು ಅವಸರ ಮಾಡದೆ, ಒಂದೊಂದು ಪದವನ್ನೂ ಬಿಡಿಸಿ ಹಾಡಿದೆ.

ಸೌಟಿನ ಮನೆಯ ಗೊಜ್ಜಿನ ಡಬ್ಬಿಯ ತಳವನು ನೆಕ್ಕಿದಳಮ್ಮ,
ಸೌಟನು ಹಂಗಿಸಿ ಹಾಡಿದ ನಾಲಿಗೆ ಈಗಲು ಹಾಡಲಿಯಮ್ಮ!

ಆಗ ಅವರಿಗೆ ನೆನಪಾಯಿತು. ನಗು ತುಟಿಯ ಮೇಲೆಯೇ ಇತ್ತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ನಾನು ಮೈಕನ್ನು ಅವರ ಬಾಯಿಯ ಬಳಿ ಹಿಡಿದೆ. ಕಟ್ಟಳೆ ಪ್ರಕಾರ ಈಗ ಅವರ ಸರದಿ. ಜನಕ್ಕೆ ಏನು ಗೊತ್ತು? "ಬೀಗಿತ್ತಿ! ಬೀಗಿತ್ತಿ!" ಎಂದು ಹುರುಪಿನಿಂದ ಕೂಗುತ್ತಲೇ ಇದ್ದರು. ಅವರ ತುಟಿ ಅಲುಗಿತು. ದನಿ ಹೊರಡಲಿಲ್ಲ. ಛತ್ರದಲ್ಲಿ ಹಿಂದೆ ಕೂತು ಸಾಲು ಎತ್ತಿಕೊಡುತ್ತಿದ್ದ ಅಕ್ಕ ತಂಗಿಯರು ಇಲ್ಲಿರಲಿಲ್ಲ. ನಾನು ಮೈಕನ್ನು ಹಿಡಿದೇ ಇದ್ದೆ. ತೆಗೆಯಬಹುದಿತ್ತು. ಕೂಗು ತಾನಾಗಿ ತಣ್ಣಗಾಗುವ ತನಕ ತೆಗೆಯಲಿಲ್ಲ.

ಕನಿಕರ ಬಂತೇ ಎಂದು ಮಗಳು ಆಮೇಲೆ ಕೇಳಿದಳು. ಇಲ್ಲ. ಹಿತವಾಗಿತ್ತು. ಬಿಸಿಲಿನಲ್ಲಿ ನಡೆದು ಬಂದು ಮಡಕೆಯ ನೀರು ಕುಡಿದಷ್ಟು ಹಿತವಾಗಿತ್ತು.

"ಅಷ್ಟೊಂದು ಜನದ ಮುಂದೆ ಬೇಕಿತ್ತಾಮ್ಮಾ?" ಎಂದಳು.

"ಅಜ್ಜಿಗೆ ಹಾಡಿದ್ದೂ ಅಷ್ಟೊಂದು ಜನದ ಮುಂದೇನೇ ಕಣೇ. ಇಲ್ಲಿನೋರ್ಗೆ ಅರ್ಥಾನೂ ಆಗಿಲ್ಲ. ಅಲ್ಲಿ ಎಲ್ಲಾರ್ಗೂ ಆಗಿತ್ತು."

ಮಗಳು ನನ್ನ ಪಕ್ಕದಲ್ಲಿ ಕೂತಳು. "ನಂಗೂ ಅವತ್ತು ಸಿಟ್ಟು ಬಂದಿತ್ತು. ಮದುಮಗಳಲ್ವಾ, ಏನ್ ಮಾಡ್ಲಿ" ಎಂದಳು.

ಹಾಡು ಮುಗಿದ ಮೇಲೆ ಬೀಗಿತ್ತಿ ನನ್ನೊಡನೆ ಮಾತು ಬಿಟ್ಟರು. ಗುಡಾರ ಬಿಚ್ಚುವಾಗ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ಮರಳು ಕೊಡವಿದೆವು, ಮಡಿಸಿದೆವು. ವಿಮಾನ ನಿಲ್ದಾಣದ ಸಾಲಿನಲ್ಲಿ ಅವರು ನನ್ನ ಹಿಂದೆ ನಿಂತಿದ್ದರು. ಮಗಳು ಅಳಿಯ ಸಾಮಾನು ತೂಗಿಸಲು ಆ ಕಡೆ ಹೋದಾಗ ನನ್ನ ಹೆಗಲು ಮುಟ್ಟಿದರು.

"ಆ ಸೌಟಿನ ಸಾಲು ನಾನು ಕಟ್ಟಿದ್ದಲ್ಲ ಬೀಗರೇ. ನಮ್ಮಕ್ಕ ಕಟ್ಟಿದ್ದು."

"ಹಾಡಿದ್ದು ನೀವು."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹೌದು" ಎಂದರು. ಸಾಲು ಮುಂದಕ್ಕೆ ಸರಿಯಿತು. ಅವರ ಚೀಲ ಭಾರವಾಗಿತ್ತು, ಎಳೆಯಲು ಒದ್ದಾಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಕೈ ಹಾಕುತ್ತಿದ್ದೆ. ಅಂದು ನನ್ನ ಚೀಲವನ್ನಷ್ಟೇ ಎತ್ತಿಕೊಂಡು ಮುಂದೆ ನಡೆದೆ.