ಹುಳ ಜ್ವರಕ್ಕೆ ಕೂತ ದಿನ

ಸಾದಲಿ ಕಡೆ ಒಂದು ರೇಷ್ಮೆ ಹುಳದ ಮನೆಗೆ ಕೂಲರ್ ರಿಪೇರಿಗೆ ಹೋಗಿದ್ದೆ. ಹುಳಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡೋ ಮುಂಚೆ ಅವು ಸೊಪ್ಪು ಮುಟ್ಟದೆ, ಅಲ್ಲಾಡದೆ ಕೂರೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಅವತ್ತು ಸೊಪ್ಪು ಕೊಯ್ಯೋ ಕೆಲಸ ಇರಲ್ಲ. ಹಾಗಾಗಿ ಆ ಮನೆಯ ಗಂಡ ಹೆಂಡತಿ ಬಿಡುವಾಗಿ ರಾಜಕೀಯಕ್ಕೆ ಇಳಿದಿದ್ದರು. ಪ್ರೀತಿಸಿ ಮದುವೆಯಾದವರಂತೆ. ಅವನದು ಒಂದು ಪಕ್ಷ, ಅವಳದು ಇನ್ನೊಂದು. ತವರಿಗೆ ಹೊರಟ ಅವಳ ಬ್ಯಾಗು ಬಾಗಿಲಲ್ಲಿತ್ತು.

"ಅಣ್ಣ, ಇವರ ಲೀಡರು ಕೆರೆಗೆ ನೀರು ತರ್ತೀನಿ ಅಂದಿದ್ರಲ್ಲ, ಎಲ್ಲಿ ಅಂತ ಕೇಳಿ," ಅಂದಳು ನನಗೆ. ಗಂಡ ನನ್ನ ಪಕ್ಕದಲ್ಲೇ ನಿಂತಿದ್ದ.

"ಫ್ರೀ ಬಸ್ಸಲ್ಲಿ ತವರಿಗೆ ಹೋಗೋರಿಗೆ ಕೆರೆ ಚಿಂತೆ ಯಾಕಂತೆ? ನೀವೇ ಕೇಳಿ ಅಣ್ಣ," ಅಂದ ಅವನು.

ಅವಳ ಮಾತು ಅವನಿಗೆ, ಅವನ ಮಾತು ಅವಳಿಗೆ ಮುಟ್ಟಿಸುತ್ತಾ ಮೋಟಾರಿನ ಒಂದು ಸ್ಕ್ರೂ ಕಳೆದುಕೊಂಡೆ.

ಅಷ್ಟರಲ್ಲಿ ಒಳಗಿಂದ ಅವಳ ಅತ್ತೆ ಕೂಗಿದರು: "ಹುಳ ಎದ್ದವೆ ಕಣಮ್ಮ!"

ಜ್ವರ ಬಿಟ್ಟು ಎದ್ದ ಹುಳಕ್ಕೆ ತಕ್ಷಣ ಸೊಪ್ಪು ಬೇಕು. ಇಬ್ಬರೂ ಕುಡುಗೋಲು ಹಿಡಿದು ತೋಟಕ್ಕೆ ಓಡಿದರು. ಓಡುವಾಗ ಅವನು ಅವಳ ಬ್ಯಾಗನ್ನು ಒಳಗೆ ತಳ್ಳಿ ಹೋದ. "ನೀನು ಆ ಸಾಲು ಕೊಯ್ಯಿ," "ಮೊದಲು ಹೊರೆ ಕಟ್ಟು ಬಾ," ಅಂತ ಈಗ ನೇರವಾಗೇ ಮಾತಾಡಿಕೊಳ್ಳುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ.

ಮುಂದಿನ ಬೆಳೆಯಲ್ಲಿ ಅವನ ಫೋನ್ ಬಂತು.

"ಕೂಲರ್ ಮತ್ತೆ ಕೆಟ್ಟೋಯ್ತಾ?" ಅಂದೆ.

"ಇಲ್ಲಣ್ಣ, ಚೆನ್ನಾಗಿ ಓಡ್ತಿದೆ. ಹುಳ ಜ್ವರಕ್ಕೆ ಕೂತವೆ. ಸ್ವಲ್ಪ ಬಂದು ಹೋಗಿ."

ಹೋದೆ. ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲಾ ಮನೆಯಲ್ಲೇ ಬಿಟ್ಟು ಹೋದೆ.