ಹಿಡಿಕೆ ಇಲ್ಲದ ಸ್ವಿಚ್ಚು

ಸಾರಕ್ಕಿಯ ನಮ್ಮ ಮನೆ ಮುಂದೆ ನಿಂತಿದ್ದ ವ್ಯಾನಿನೊಳಗೆ ಅಂದು ನಾಲ್ಕು ಜನ ಇದ್ದೆವು: ಮಂಚದ ಮೇಲೆ ದೊಡ್ಡಪ್ಪ, ಅವರ ಕಾಲ ಬಳಿ ದೊಡ್ಡಮ್ಮ, ಬಿಟಿಎಂನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಎಲೆಕ್ಟ್ರಿಷಿಯನ್, ಬಾಗಿಲಲ್ಲಿ ನಾನು. ಐದನೆಯದಾಗಿ ಆಕ್ಸಿಜನ್ ಯಂತ್ರವನ್ನೂ ಲೆಕ್ಕಕ್ಕೆ ಸೇರಿಸಬೇಕು. ಅದು ಗುಂಯ್ ಎನ್ನುತ್ತಿದ್ದರಷ್ಟೇ ದೊಡ್ಡಪ್ಪನಿಗೆ ಉಸಿರು. ನಿಂತರೆ ಕೆಲವೇ ನಿಮಿಷಕ್ಕೆ ತುಟಿ ನೀಲಿಯಾಗುತ್ತಿತ್ತು. ಆದರೂ ಶ್ರೀಶೈಲಕ್ಕೆ ಹೋಗಲೇಬೇಕೆಂದು ಹಟ ಹಿಡಿದು, ಹಳೇ ವ್ಯಾನಿಗೆ ಮಂಚ, ಒಲೆ, ಹಿಂಬದಿಗೆ ಜನರೇಟರ್ ಹಾಕಿಸಿದ್ದರು.

ಬಾಕಿ ಇದ್ದದ್ದು ಒಂದು ಸ್ವಿಚ್ಚು. ತಂಗಿದ ಕಡೆ ಕರೆಂಟು ಹೋದರೆ ಜನರೇಟರ್ ಶುರುವಾಗಿ, ಯಂತ್ರ ತಾನಾಗಿ ಅದಕ್ಕೆ ಹೊರಳಬೇಕು. ಎಲೆಕ್ಟ್ರಿಷಿಯನ್ ಎರಡು ಡಬ್ಬಿ ತಂದಿದ್ದ.

"ಇದಕ್ಕ ಹಿಡಿಕಿ ಐತ್ರಿ, ಯಜಮಾನ್ರ. ತಾನ ಹೊರಳಲಿಲ್ಲಂದ್ರ ಕೈಲೆ ತಿರುವಬಹುದು. ಇದನ್ನ ತಗೋರಿ."

"ಕೈಲಿ ತಿರುಗ್ಸೋದಾದ್ರೆ ಆಟೋಮ್ಯಾಟಿಕ್ ಯಾಕಪ್ಪ? ಇವಳಿಗೆ ಗ್ಯಾಸ್ ಒಲೆ ತಿರುಗ್ಸೋಕೇ ಎರಡು ಕೈ ಬೇಕು" ಎಂದರು ದೊಡ್ಡಪ್ಪ, ನಡುನಡುವೆ ಉಸಿರೆಳೆದುಕೊಳ್ಳುತ್ತಾ.

"ಇಷ್ಟು ವರ್ಷ ನಿಮ್ಮನ್ನೇ ತಿರುಗಿಸ್ಲಿಲ್ವಾ" ಎಂದರು ದೊಡ್ಡಮ್ಮ.

ನಾವು ನಕ್ಕೆವು. ಹಿಡಿಕೆ ಇಲ್ಲದ್ದೇ ವ್ಯಾನಿನ ಒಳಗೋಡೆಗೆ ಕೂತಿತು. ಎಲೆಕ್ಟ್ರಿಷಿಯನ್ ನಗಲಿಲ್ಲ. "ಒಳಗ ಏನೂ ತಾಗಬಾರದ್ರಿ, ನೀರಾಗ್ಲಿ ಧೂಳಾಗ್ಲಿ" ಎಂದು ಹೇಳಿ ಹೋದ.

ಆ ವಾರವೇ ಆಯುಧಪೂಜೆ. ದೊಡ್ಡಪ್ಪನನ್ನೂ ಯಂತ್ರವನ್ನೂ ಮನೆಯೊಳಗೆ ಸಾಗಿಸಿ, ವ್ಯಾನು ತೊಳೆದು, ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟಾಯಿತು. ದೊಡ್ಡಮ್ಮ ನೀರಲ್ಲಿ ಕಲಸಿದ ವಿಭೂತಿ ಹಿಡಿದು ಆ ಡಬ್ಬಿಯ ಮುಂದೆ ನಿಂತರು.

"ಮುಚ್ಚಳ ಬಿಚ್ಚೋ. ಇವರ ಜೀವ ಕಾಯೋದು ಒಳಗಡೆ ತಾನೆ ಇರೋದು?"

ಎಲೆಕ್ಟ್ರಿಷಿಯನ್ ಹೇಳಿದ್ದು ನನಗೆ ನೆನಪಿತ್ತು. ಆದರೂ ಮನೆಯಿಂದ ವ್ಯಾನಿಗೆ ಎಳೆದಿದ್ದ ವೈರು ಕಿತ್ತು ಮುಚ್ಚಳ ಬಿಚ್ಚಿದೆ. ಅವರು ಮೂರು ಬೆರಳಿನಿಂದ ಅಡ್ಡ ಎಳೆದರು, ದೊಡ್ಡಪ್ಪನ ಹಣೆಗೇ ಹಚ್ಚುವಷ್ಟು ಅಕ್ಕರೆಯಿಂದ. ಬಿಳಿಯ ಹನಿಯೊಂದು ಇನ್ನೂ ಒಳಕ್ಕೆ ಜಾರಿದ್ದನ್ನು ಕಂಡೆ. ಒಣಗುತ್ತದೆ ಬಿಡು ಎಂದುಕೊಂಡು ಮುಚ್ಚಳ ಹಾಕಿ ವೈರು ಸಿಕ್ಕಿಸಿದೆ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ದೊಡ್ಡಪ್ಪ ಪ್ರಯಾಣಕ್ಕೆ ರೂಢಿಯಾಗಲೆಂದು ವ್ಯಾನಿನಲ್ಲೇ ಮಲಗಿದ್ದರು. ಹಿಂದುಗಡೆ ಜನರೇಟರ್ ಗುಡುಗುಟ್ಟಿತು. ಯಂತ್ರ ಮಾತ್ರ ಗುಂಯ್ ಎನ್ನಲಿಲ್ಲ. ಡಬ್ಬಿಯೊಳಗಿಂದ ಹಲ್ಲು ಕಡಿದಂತೆ ಕಟಕಟ ಸದ್ದು. ದೊಡ್ಡಪ್ಪ ಅದರತ್ತಲೇ ನೋಡುತ್ತಿದ್ದರು. ತುಟಿಯ ಬಣ್ಣ ಆಗಲೇ ಕೆಟ್ಟಿತ್ತು. ಕೈಲಿ ತಿರುಗಿಸೋಣವೆಂದರೆ ಆ ಡಬ್ಬಿಗೆ ಹಿಡಿಕೆಯೇ ಇಲ್ಲ. ಯಂತ್ರದ ವೈರು ಕಿತ್ತು, ಕಿಟಕಿಯಿಂದ ಹಾಯಿಸಿ, ಹೊರಗೆ ಓಡಿ ನೇರವಾಗಿ ಜನರೇಟರಿಗೇ ಸಿಕ್ಕಿಸಿದೆ. ಬಹಳ ಹೊತ್ತಿನ ಮೇಲೆ ದೊಡ್ಡಪ್ಪ ಬೆರಳಾಡಿಸಿದರು.

ಸಂಜೆ ಎಲೆಕ್ಟ್ರಿಷಿಯನ್ ಬಂದು ಮುಚ್ಚಳ ಬಿಚ್ಚಿದ. ಒಂದಕ್ಕೊಂದು ಕೂಡಬೇಕಾದ ತುಂಡುಗಳ ನಡುವೆ ವಿಭೂತಿ ಗಟ್ಟಿಯಾಗಿ ಕೂತಿತ್ತು.

"ಏನಾಗಿತ್ತಪ್ಪ?" ಎಂದು ದೊಡ್ಡಮ್ಮ ಬಾಗಿಲಲ್ಲೇ ನಿಂತು ಕೇಳಿದರು.

ಅವನು ನನ್ನ ಮುಖ ನೋಡಿದ. "ಧೂಳ್ರಿ, ಅಮ್ಮಾರ" ಎಂದ.

ಹಿಡಿಕೆಯಿದ್ದ ಸ್ವಿಚ್ಚು ಬಂತು. ಮುಂದಿನ ವಾರ ದೊಡ್ಡಪ್ಪನನ್ನು ಮಲಗಿಸಿಕೊಂಡು ವ್ಯಾನು ಶ್ರೀಶೈಲಕ್ಕೆ ಹೊರಟಿತು. ಹೋಗುವಾಗಲೂ ಬರುವಾಗಲೂ ದೊಡ್ಡಮ್ಮ ಆ ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ.