ಪದ್ಮವ್ವನಿಗೆ ನಿದ್ದೆ ತಂದ ಕ್ಯಾಸೆಟ್ಟು

ಶಹಾಪುರದ ಪದ್ಮವ್ವ ಹುಟ್ಟಿ ಬೆಳೆದದ್ದೇ ಸೀರೆ ನೇಯುವ ಪವರ್‌ಲೂಮ್ ಮಗ್ಗಗಳ ಸದ್ದಿನಲ್ಲಿ. ಖಾನಾಪುರದ ಮಗಳ ಮನೆಗೆ ಬಂದರೆ ಆ ಹಾಳು ಮೌನದಲ್ಲಿ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ.

ಅಳಿಯ ಕಲ್ಮೇಶನಿಗೆ ಡಿಸ್ಕೋ ಹುಚ್ಚು. ಒಂದು ಮಧ್ಯಾಹ್ನ ಅವನು ಪೇಟೆಯ ಅಂಗಡಿಯಿಂದ ಆಗಷ್ಟೇ ತಂದ ಹೌಸ್ ಮ್ಯೂಸಿಕ್ ಎಂಬ ಕುಣಿತದ ಸಂಗೀತದ ಹೊಸ ಕ್ಯಾಸೆಟ್ ಹಾಕಿದ. ಧಡ್ ಧಡ್ ಎಂಬ ಒಂದೇ ತಾಳ ಶುರುವಾಗುತ್ತಲೇ ಪದ್ಮವ್ವ ಗೊರಕೆ ಹೊಡೆದಳು. ನಡುವೆ ತಾಳ ನಿಂತಾಗ ಗಡಬಡಿಸಿ ಎದ್ದು, "ಎಳಿ ಹರದೈತಿ, ಮಗ್ಗ ನಿಂತೈತಿ, ನೋಡ್ರಿ," ಎಂದಳು. ತಾಳ ಮರಳಿತು, ಮತ್ತೆ ಮಲಗಿದಳು.

ಅಂದಿನಿಂದ ಹೊಸ ಕ್ಯಾಸೆಟ್ ಬಂದಾಗಲೆಲ್ಲ ಅತ್ತೆಯೂ ಬರತೊಡಗಿದಳು. ಹೀಗೇ ವರ್ಷಗಳು ಕಳೆದು, ಕಡೆಗೊಂದು ದಿನ ಎದ್ದವಳೇ ಟೇಪ್‌ರೆಕಾರ್ಡರಿನ ಹಿಂದೆ ಕೈಯಾಡಿಸಿ ಕೇಳಿದಳು:

"ಅಳಿಯಂದ್ರ, ಇದರೊಳಗ ವರ್ಷಗಟ್ಟಲೆ ನೇಯಾಕ ಹತ್ಯಾರ. ಒಂದರ ಸೀರಿ ಹೊರಗ ಬಂದೈತೇನ್ರಿ?"